ಯುಪಿಎಸ್‌ಗೆ ಹಾಕಿದ ಹಾರ

ಪಂಪಣ್ಣ ಮಾಮ,

ಆಯುಧಪೂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನನ್ನನ್ನು ಮೊದಲ ಸಲ ಸಂಡೂರಿನ ವೇಬ್ರಿಜ್ ಆಫೀಸಿಗೆ ಕರೆದೊಯ್ದಿರಿ. ಅದಿರು ಲಾರಿಗಳ ತೂಕವೆಲ್ಲ ಸೇರುವ ಸರ್ವರ್ ಕಂಪ್ಯೂಟರನ್ನು ತೋರಿಸಲೇ ಇಲ್ಲ. ಕರೆಂಟ್ ಹೋದಾಗ ಅದನ್ನು ಕಾಯುವ ಯುಪಿಎಸ್ಸಿನ ಹಿಂದೆ, ಫ್ಯಾನಿನ ಗಾಳಿಗೆ ನನ್ನ ಅಂಗೈ ಹಿಡಿಸಿದಿರಿ. "ಉಸಿರು ಬರ್ತೈತಿಲ್ಲೇನ್ಲೇ? ಇದು ನಿಂತ್ರ ನಮ್ಮ ಅನ್ನಾನೂ ನಿಂತಂಗ."

ಪ್ರತಿ ಆಯುಧಪೂಜೆಗೆ ನೀವು ಹೂಡುತ್ತಿದ್ದ ಆಟ ನೆನಪಾಗುತ್ತದೆ. ಒಳಗೆ ಏನೂ ಇಲ್ಲದ ಹಳೆಯ ಯುಪಿಎಸ್ ಡಬ್ಬಿಯೊಂದನ್ನು ಒರೆಸಿ ಮುಂದಿಡುತ್ತಿದ್ದಿರಿ. ವಿಭೂತಿ, ಕುಂಕುಮ, ಚೆಂಡು ಹೂವು ಎಲ್ಲ ಅದಕ್ಕೆ; ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ನೀವೇ ಪೂಜೆಗೆ ಕೂಡುತ್ತಿದ್ದಿರಿ. ಅಸಲಿಯದು ಹಿಂದೆ ತಣ್ಣಗೆ ಓಡುತ್ತಿತ್ತು. ದೂರ ನಿಂತು ನಾನು ನಕ್ಕರೆ, "ದೇವ್ರಿಗೆ ಗೊತ್ತೈತಿ, ಮಂದೀಗೆ ಗೊತ್ತಾಗಬಾರ್ದು" ಎನ್ನುತ್ತಿದ್ದಿರಿ.

ನೀವು ಹೋದ ಮೇಲೆ ಮ್ಯಾನೇಜರ್ ವೀರೇಶಪ್ಪ ಆ ಡಬ್ಬಿಯನ್ನು ಗುಜರಿಗೆ ಹಾಕಿದ್ದಾರೆ. ನನಗೆ ಹೇಳಲೂ ಇಲ್ಲ. ಈ ಸಲ ನಾನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬ್ಯಾಟರಿ ಬದಲಿಸುತ್ತಿದ್ದಾಗ, ಇಲ್ಲಿ ಅಸಲಿ ಯುಪಿಎಸ್‌ಗೇ ಹೂ ಸುತ್ತಿದರು, ಫ್ಯಾನು ಪೂರಾ ಮುಚ್ಚುವಂತೆ. ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಕಾದು, ಕೂಗಿ ಕೂಗಿ, ನಿಂತಿತು. ಜೊತೆಗೆ ಸರ್ವರ್ ಕೂಡ.

"ಅದು ಕೂಗೋದು ಕೇಳಲಿಲ್ಲೇನ್ರೀ?" ಎಂದೆ, ಫೋನ್ ಬಂದದ್ದೇ ಕಂಪ್ಲಿಯಿಂದ ಓಡಿಬಂದು.

"ಕೇಳಿತ್ರೀ. ಪೂಜಿ ಟೈಮಿಗೆ ಗಂಟಿ ಹೊಡದಂಗ ಭಾಳ ಚಲೋ ಇತ್ತು," ಎಂದರು ವೀರೇಶಪ್ಪ.

ಹೂ ಬಿಚ್ಚಲು ಹೋದರೆ ಕೈ ಹಿಡಿದರು. "ಬ್ಯಾಡ್ರಿ, ನಾಳೆ ಪೂಜಿ ಮಾಡಿ ತೆಗೀಬೇಕು!" ಹೊರಗೆ ತೂಕಕ್ಕೆ ನಿಂತ ಲಾರಿಗಳ ಸಾಲು. ಬಂಡ್ರಿಯ ಡ್ರೈವರೊಬ್ಬ ಕಿಟಕಿಯಲ್ಲಿ ಮುಖವಿಟ್ಟು, "ಹಂಗಾರ ನಾಳೆ ಬನ್ನೀನೂ ನಿಮಗ ಕೊಟ್ಟು ಹೋಗ್ತೀವಿ ಬಿಡ್ರಿ" ಎಂದ. ಅವರು ಅವನ ಜೊತೆ ಜಗಳಕ್ಕೆ ನಿಂತಾಗ ನಾನು ಹಾರ ಹರಿದೆ. ಸರ್ವರ್ ಏಳುವ ಹೊತ್ತಿಗೆ ಸಂಜೆಯಾಗಿತ್ತು.

ಮರುದಿನ ವೇಬ್ರಿಜ್ಜಿನ ಧಣಿ ಕರೆಸಿದರು. ಯುಪಿಎಸ್ ನೋಡಿಕೊಳ್ಳುವ ಈ ಕೆಲಸ ಬೇರೆಯವರಿಗೆ ಕೊಡುವ ಮಾತು ಆಗಲೇ ನಡೆದಿತ್ತು. ಶಾಖದ ವಿಷಯ ವಿವರಿಸತೊಡಗಿದೆ. ವೀರೇಶಪ್ಪ ನಡುವೆಯೇ, "ಪಂಪಣ್ಣ ತಾವೇ ಪೂಜಿ ಮಾಡ್ತಿದ್ರು ಧಣಿ, ಒಂದ್ಸಲಾನೂ ಯುಪಿಎಸ್ ನಿಂತಿದ್ದಿಲ್ಲ. ಇವ್ರಿಗೆ ಭಕ್ತಿ ಕಡಿಮಿ," ಎಂದರು. ಧಣಿ ತಲೆಯಾಡಿಸಿದರು. "ಮುಂದಿನ ವರ್ಷ ನೀನೇ ಪೂಜಿಗೆ ಕುಂದ್ರಪ. ಇಲ್ಲಾಂದ್ರ ಬ್ಯಾರೇರ್ನ ನೋಡ್ತೀವಿ."

ಹೂಂ ಅಂದುಬಿಟ್ಟೆ ಮಾಮ. ಗುಡಿಯಲ್ಲೂ ಕೈಮುಗಿಯದ ನಿಮ್ಮ ಅಳಿಯ ಇನ್ನು ಮೇಲೆ ಮಡಿ ಉಟ್ಟು ಯುಪಿಎಸ್ ಮುಂದೆ ಕೂಡುತ್ತಾನೆ. ಮಂತ್ರ ಬರುವುದಿಲ್ಲ. ಕಣ್ಣು ಮುಚ್ಚಿ ವೋಲ್ಟೇಜು, ಲೋಡು, ಬ್ಯಾಟರಿ ಎಂದು ತುಟಿ ಅಲ್ಲಾಡಿಸಿದರೆ ಯಾರಿಗೆ ತಿಳಿಯುತ್ತದೆ?

ನೀವೂ ಅದನ್ನೇ ಹೇಳಿಕೊಳ್ಳುತ್ತಿದ್ದಿರೇನು?