ಉಪ್ಪಿಲ್ಲದ ಎಡೆ

ಹಿರೇಗುಂಟನೂರು
17-10-1974

ಪ್ರೀತಿಯ ಗಂಗಕ್ಕಾ,

ಕೆಮ್ಮು ಕಡಿಮೆಯಾಯಿತೆ? ಮಗು ಈಗ ಗೋಡೆ ಹಿಡಿದು ನಿಲ್ಲುತ್ತಿರಬೇಕು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಹಾಗೆಂದು ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಬಿ.ಎ. ಓದಿದ ಮಗನಿಂದ ಅಪ್ಪನಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿದೆ. ನಮ್ಮ ಮೂಲಪುರುಷ ಮುದ್ದಪ್ಪನಾಯಕನ ಚರಿತ್ರೆ ನಾನು ಬರೆಯಬೇಕಂತೆ, ಚಿತ್ರದುರ್ಗದಲ್ಲಿ ಅಚ್ಚು ಹಾಕಿಸುತ್ತಾನಂತೆ. ದಿಲ್ಲಿ ಬಾದಶಹನ ರಾಯಭಾರಿಯಾಗಿ ಪಾಳೆಗಾರರ ನಡುವೆ ಓಡಾಡಿದವನು, ಕತ್ತಿ ಹಿರಿಯದೆ ಕೋಟೆಗಳನ್ನು ಒಲಿಸಿದವನು, ಪಲ್ಲಕ್ಕಿ, ಜರತಾರಿ ನಿಲುವಂಗಿ ಪಡೆದವನು. ಇಷ್ಟು ನಿನಗೂ ಬಾಯಿಪಾಠ. ಅಪ್ಪ ಪಂಚಾಯ್ತಿಗೆ ಹೊರಡುವ ಠೀವಿಯೂ ಅವನದೇ ಅಂತೆ.

ಮೊನ್ನೆ ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟರು. ನಾಯಕನ ದೊಡ್ಡ ಎಲೆಗೆ ಎಲ್ಲ ಬಡಿಸಿ, ಎಂದಿನಂತೆ ಹೊಸ್ತಿಲಾಚೆಯ ಚಿಕ್ಕ ಎಲೆಗೆ ಉಪ್ಪಿಲ್ಲದ ಅನ್ನ ಹಾಕಿದರು. ಚರಿತ್ರೆ ಬರೆಯುವವನಲ್ಲವೆ, ಅದು ಯಾರಿಗೆ ಎಂದು ಕೇಳಿದೆ. "ಲೇ, ಪದ್ಧತಿ ಐತೆ, ಇಡ್ತೀವಿ. ನೀನು ಸುಮ್ನೆ ಬರಿ" ಎಂದು ಅಪ್ಪ ಗದರಿದ. ಪಾಲಮ್ಮಜ್ಜಿ ಸುಮ್ಮನಿರಲಿಲ್ಲ. "ಆ ನಾಯಕನ ಮಗಂದು ಕಣಪ್ಪ. ಬಾದಶಹನ ಮಾತಿಗೆ ಒತ್ತೆ ಅಂತ ಪಾಳೆಗಾರ್ರ ಕೋಟೇಲಿ ಬಿಟ್ಟು ಬಂದ. ಆಮ್ಯಾಕೆ ದಂಡು ಮಾತು ಮುರಿದು ನುಗ್ತು, ಅವ್ರು ಕೂಸಿನ ಕುತ್ತಿಗೆ ಕೊಯ್ದ್ರು. ಹಗೆಯೋರ ಉಪ್ಪು ತಿಂದು ಸತ್ತೋನು ಅಂತ ನಮ್ಮೋರು ಹೊರಗಿಟ್ರು." ಆಮೇಲೆ ನನ್ನನ್ನೇ ನೋಡುತ್ತ, "ನಿಮ್ಮಪ್ಪನೂ ರಾಯಭಾರಿನೇ ಬಿಡು" ಎಂದಳು. ಅಪ್ಪ ಪಾಯಸಕ್ಕೆ ತುಪ್ಪ ಕೇಳಿದ.

ಮಾಡದಕೆರೆ ಕಾವಲಿನಲ್ಲಿ ಕುರಿ ಮೇಯಿಸುವ ಜಗಳ ನಿಲ್ಲಲೆಂದು ನಿನ್ನನ್ನು ಆ ಎದುರಾಳಿಗಳ ಮನೆಗೇ ಕೊಟ್ಟಾಗ ಊರೆಲ್ಲ ಅಪ್ಪನ ಬುದ್ಧಿಯನ್ನು ಹೊಗಳಿತು. ಈ ಬೇಸಗೆ ಗಡಿ ದಾಟಿ ಕುರಿ ನುಗ್ಗಿಸಿದವನೂ ಅಪ್ಪನೇ. ಅಂದಿನಿಂದ ನಿನಗೂ ಮಗುವಿಗೂ ಕೊಟ್ಟಿಗೆಯಲ್ಲೇ ಊಟ, ನಿದ್ದೆ ಎಂದು ನಿಮ್ಮೂರಿಗೆ ಬಳೆ ಮಾರಲು ಬರುವ ಶಾಂತಕ್ಕ ಹೇಳಿದಳು. ಅದನ್ನು ಅಪ್ಪನಿಗೆ ಹೇಳಿದೆ. "ತಡ್ಕಳ್ಳಲಿ. ಅವ್ಳು ಅಲ್ಲಿದ್ರೇನೇ ನಮ್ಮ ಮಾತಿಗೆ ಬೆಲೆ" ಅಂದ. ಚರಿತ್ರೆ ಅಲ್ಲಿಗೇ ನಿಂತಿದೆ.

ಅಜ್ಜಿ ಇಲ್ಲಿಂದಲೇ ಮಗುವಿಗೆ ನೆಟಿಕೆ ಮುರಿದಿದ್ದಾಳೆ. ಜಂಪಣ್ಣ ಭಾವನಿಗೆ ನನ್ನ ನಮಸ್ಕಾರ ಹೇಳಬೇಕೋ ಬೇಡವೋ ನೀನೇ ನೋಡು.

ನಿನ್ನ ತಮ್ಮ,
ತಿಪ್ಪಯ್ಯ

ವಿ.ಸೂ.: ಈ ಕಾಗದ ತಂದುಕೊಡುವ ಶಾಂತಕ್ಕನ ಎದುರೇ ಓದಿ ಇದನ್ನು ಒಲೆಗೆ ಹಾಕು. ಸೋಮವಾರ ಬೆಳಿಗ್ಗೆ ಮಗುವಿಗೆ ಸೂಜಿ ಹಾಕಿಸಬೇಕೆಂದು ಹೇಳಿ ಹೊಸದುರ್ಗಕ್ಕೆ ಬಾ. ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಹಿರಿಯೂರಿನ ಒಂದು ಟ್ಯುಟೋರಿಯಲ್ಲಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿದೆ, ಒಂದು ಕೋಣೆ ಹಿಡಿದಿದ್ದೇನೆ. ನೇರ ಅಲ್ಲಿಗೆ ಹೋಗೋಣ, ನಮ್ಮ ಮನೆಗೆ ಬೇಡ. ನಿನ್ನನ್ನು ಕಂಡ ಕೂಡಲೇ ಅಪ್ಪ ಮಾಡದಕೆರೆಗೆ ಗಾಡಿ ಕಟ್ಟಿಸುತ್ತಾನೆ.