ಐದು ಸಾವಿರ ಸುತ್ತಿನ ಮೇಲೆ

ಗ್ಯಾರೇಜಿನಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಚಿನಕುರುಳಿ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ, ನಿಮ್ಮಪ್ಪನ ಮಂಡಿ ಮಾತ್ರ ಎಂದಿನಂತೆ ಮುನಿಸಿಕೊಂಡಿದೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣ ಅಂದುಕೊಂಡೆ. ಆದರೆ ಬುಧವಾರ ನೀನು ಫೋನ್ ಮಾಡಿದಾಗ ನಿಮ್ಮಪ್ಪ ಹಿಂದಿನಿಂದ, "ಅವಳು ಬೆಳಿಗ್ಗೆಯಿಂದ ಒಂದೇ ನಟ್ಟು ಒರೆಸ್ತಾ ಕೂತಿದಾಳೆ" ಎಂದು ಕೂಗಿ ನನ್ನ ಸುಳ್ಳಿಗೆ ಮೊದಲೇ ಕಲ್ಲು ಹಾಕಿದರು. ತಡವಾಯಿತು, ತಪ್ಪಾಯಿತು. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಕೊನೆಗೆ ಎಂಜಿನ್ ಮಾತು ಹೋಗಿ ಊಟ ಆಯ್ತಾ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ನೀನು ಗಾಡಿ ಕೊಂಡ ಸುದ್ದಿ ಕೇಳಿ ನಿಮ್ಮಪ್ಪ ಹೊಲಿಯುತ್ತಿದ್ದ ಸೀಟ್ ಕವರನ್ನು ಬಿಟ್ಟು ಎದ್ದು ನಿಂತರು. ಆರು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಬೇರೆಯವರಿಗೆ ಕ್ಲಚ್ ಬಿಡುವುದನ್ನು ಕಲಿಸಿಕೊಂಡೇ ಕಾಲ ಹಾಕಿದವಳು, ಒಂದು ಹಳೆಯ ಗಾಡಿ ಹಿಡಿದು, ಟರ್ಬೊ ಕೂರಿಸಿ, ಮತ್ತೆ ಗುಡ್ಡದ ಕಾರ್ ಓಟಕ್ಕೆ ಇಳಿಯುತ್ತೇನೆ ಎಂದು ಬರೆದಿದ್ದೀಯ. "ಯಾರ ಮಗಳು" ಎಂದರು. ಅದನ್ನೂ ಅವರೇ ಹೇಳಿಕೊಳ್ಳಲಿ ಎಂದು ಬಿಟ್ಟುಕೊಟ್ಟೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಎಂಜಿನ್ನಿಗೆ ಯಾವ ಕಂಪ್ಯೂಟರ್ ಹಾಕಿಸಲಿ ಎಂಬುದು ಒಂದು. ಇನ್ನೊಂದನ್ನು ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ: "ಆ ವರ್ಷ ಎರಡು ಸೆಕೆಂಡಲ್ಲಿ ತಂಡದ ಜಾಗ ತಪ್ಪಿಹೋಯ್ತಲ್ಲ, ಆವತ್ತು ನೀನೇ ಹೇಳಿದ್ದೆ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ. ಕಂಪ್ಯೂಟರ್ ಬದಲಾಯಿಸಿದ್ರೆ ಗಾಡಿ ಬದಲಾಗುತ್ತೆ. ನಾನು ಬದಲಾಗ್ತೀನಾ? ನನಗೆ ಧೈರ್ಯ ಸಾಲದು ಅಂತ ನಿನಗೂ ಅನ್ಸಿದ್ರೆ ನೇರವಾಗಿ ಹೇಳಮ್ಮ, ಗಾಡಿ ಮಾರಿಬಿಡ್ತೀನಿ."

ಇದನ್ನು ಎಷ್ಟು ಸಲ ಓದಿದೆನೋ. ತಂಡದ ಯಜಮಾನ ಆವತ್ತು ಗಡಿಯಾರ ಹಿಡಿದುಕೊಂಡು ಎಲ್ಲರೆದುರು ಹೇಳಿದ್ದು ನನ್ನ ಕಿವಿಯಲ್ಲೂ ಇದೆ. "ತಿರುವಲ್ಲಿ ಚೆನ್ನಾಗೇ ಇದಾಳೆ. ನೇರ ದಾರೀಲಿ ಪೆಡಲಿಂದ ಕಾಲು ತೆಗೀತಾಳೆ. ಹೋದ ವರ್ಷ ಉರುಳಿ ಬಿದ್ದಳಲ್ಲ, ಆ ಹೆದರಿಕೆ ಒಳಗೆ ಕೂತಿದೆ." ನೀನು ಹೆಲ್ಮೆಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅದು ನಿನ್ನೆಯವರೆಗೂ ಅವರ ಹೊಲಿಗೆ ಯಂತ್ರದ ಮೇಲಿನ ಗೂಟದಲ್ಲೇ ಇತ್ತು. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಮೊದಲು ಸುಲಭದ್ದನ್ನು ಮುಗಿಸೋಣ.

ಕಂಪನಿಯವರು ಕೂರಿಸಿಕೊಟ್ಟ ಕಂಪ್ಯೂಟರಿನಲ್ಲೇ ಓಡಿಸುತ್ತೇನೆ ಎನ್ನಬೇಡ. ಅದು ಟರ್ಬೊ ಮುಖವನ್ನೇ ನೋಡಿಲ್ಲ. ಒಳಗೆ ಗಾಳಿ ಒತ್ತಿ ತುಂಬುತ್ತಿದ್ದರೂ ತನ್ನ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ, ಒಂದು ದಿನ ಪಿಸ್ಟನ್ ತೂತಾಗುತ್ತದೆ. ಬಿಡಿಭಾಗದ ಅಂಗಡಿಯವನು ನಿನಗೆ ತೋರಿಸಿದನಲ್ಲ, ಬೆಂಕಿಪೊಟ್ಟಣದಂಥ ಡಬ್ಬಿ, ಅದೂ ಬೇಡ. ಅದು ಸೆನ್ಸರಿಗೂ ಹಳೆಯ ಕಂಪ್ಯೂಟರಿಗೂ ನಡುವೆ ಕೂರುವ ದಲ್ಲಾಳಿ. ಗಾಳಿ ಇಷ್ಟು ಬಂತು ಎಂದು ಸೆನ್ಸರ್ ಹೇಳಿದರೆ ಇದು ಬೇರೆ ಅಂಕಿ ಹೇಳಿ ಕಂಪ್ಯೂಟರನ್ನು ನಂಬಿಸುತ್ತದೆ. ನಾನೇ ಎಷ್ಟೋ ಗಾಡಿಗೆ ಹಾಕಿಕೊಟ್ಟಿದ್ದೇನೆ, ಓಡುವುದೂ ಓಡುತ್ತದೆ. ಆದರೂ ಈಚೆಗೆ ನನಗೆ ಆ ಡಬ್ಬಿ ಕಂಡರಾಗುವುದಿಲ್ಲ.

ನೀನು ಬರೆದು ಕಳಿಸಿದ ಕಂಪ್ಯೂಟರ್ ಪಟ್ಟಿಯಲ್ಲಿರುವ ದೊಡ್ಡದನ್ನು ಪಕ್ಕದ ಲೇತಿನ ಮಾಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇದು ಕಾರಿಗಾ, ವಿಮಾನಕ್ಕಾ?" ಎಂದರು. ಅದಕ್ಕೆ ಇಡೀ ಗಾಡಿಯ ವೈರಿಂಗ್ ಹೊಸದಾಗಿ ಎಳೆಯಬೇಕು. ನಿನ್ನದು ನಾಲ್ಕು ಸಿಲಿಂಡರು. ನಾಲ್ಕು ಇಂಜೆಕ್ಟರು, ನಾಲ್ಕು ಕಾಯಿಲು, ಟರ್ಬೊ ಒತ್ತಡಕ್ಕೆ ಒಂದು ವಾಲ್ವು, ಪಂಪು, ಫ್ಯಾನು, ಮುಗಿಯಿತು. ನೂರು ಜನರ ಪಾತ್ರೆಯಲ್ಲಿ ಇಬ್ಬರಿಗೆ ಅಡುಗೆ ಮಾಡಿದರೆ ತಳ ಹಿಡಿಯುತ್ತದೆ.

ಹಾಗಾಗಿ ಹಳೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸುವಂಥದ್ದನ್ನು ತೆಗೆದುಕೋ. ಹಳೆಯದನ್ನು ಕಳಚು, ಇದನ್ನು ಸಿಕ್ಕಿಸು, ಒಂದು ವೈರನ್ನೂ ಕತ್ತರಿಸುವ ಗೋಳಿಲ್ಲ. ಆ ಜಾತಿಯಲ್ಲಿ ನೀನು ಎರಡು ಬರೆದಿದ್ದೀಯ. ಎಂಜಿನ್ ಒಳಗೆ ಕುಟ್ಟುವ ಸದ್ದು ಬಂದರೆ ಕೇಳಿಸಿಕೊಳ್ಳುವ ಕಿವಿ ಎರಡನೆಯದಕ್ಕಿದೆ, ಓಡಿದ ಪ್ರತಿ ಕ್ಷಣವನ್ನೂ ಅದು ಬರೆದಿಡುತ್ತದೆ. ಅದೇ ಇರಲಿ. ಕೊಳ್ಳುವ ಮೊದಲು, ಅದರ ಒಳಹೊರಗು ಬಲ್ಲವರು ನಿಮ್ಮೂರಿನಲ್ಲಿ ಒಬ್ಬರಾದರೂ ಇದ್ದಾರಾ ವಿಚಾರಿಸು. ಎಷ್ಟು ಒಳ್ಳೆಯ ಕಂಪ್ಯೂಟರಾದರೂ ತನಗೆ ತಾನೇ ಅಂಕಿ ಬರೆದುಕೊಳ್ಳುವುದಿಲ್ಲ.

ಹಾಗೆ ಬರೆಯುವವರಿಗೆ, ಅಂದರೆ ನಮ್ಮಂಥವರಿಗೆ, ಒಂದು ಚಾಳಿಯಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದರೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಕೋಷ್ಟಕ ತುಂಬಿಸಿ, ನಮ್ಮ ವಿದ್ಯೆ ಯಾರೂ ಕದಿಯಬಾರದು ಎಂದು ಪಾಸ್‌ವರ್ಡ್ ಹಾಕಿ ಬೀಗ ಜಡಿಯುತ್ತೇವೆ. ನೀನು ಓಡಿಸುತ್ತಿದ್ದ ಗಾಡಿಗೂ ನಾನು ಹಾಕಿದ್ದೆ. "ಓಡಿಸೋದು ನಿನ್ನ ಕೆಲಸ, ಒಳಗೆ ಇಣುಕೋದು ನನ್ನ ಕೆಲಸ" ಎಂದಿದ್ದೆ. ಅಂಥವರ ಕೈಗೆ ಗಾಡಿ ಕೊಡಬೇಡ. ಪಾಸ್‌ವರ್ಡ್ ನಿನ್ನದೇ ಆಗಿರಲಿ, ಯಾರು ಏನನ್ನು ತಿದ್ದಿದರೂ ನಿನ್ನ ಕಣ್ಣಿಗೆ ಬೀಳಲಿ. ಆ ಯಾರು ಎನ್ನುವುದರಲ್ಲಿ ನಾನೂ ಸೇರಿದ್ದೇನೆ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿಯೇನಿಲ್ಲ. ಮೊನ್ನೆ ಒಬ್ಬ ಹೊಸಬ ಬಂದು, ನಾನು ಸ್ಪ್ಯಾನರ್ ಹಿಡಿದು ನಿಂತಿದ್ದರೂ, "ಮೇಸ್ತ್ರಿ ಎಲ್ಲಮ್ಮ?" ಎಂದ. ಮೂವತ್ತು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ, ನಿಮ್ಮಪ್ಪನನ್ನು ತೋರಿಸಿದೆ. ಅವರು ಗಂಭೀರವಾಗಿ ಬಾನೆಟ್ಟಿನೊಳಗೆ ಬಗ್ಗಿ ಎಲ್ಲ ನೋಡಿ, ತಲೆ ಎತ್ತಿ, "ಸೀಟು ಹರಿದಿದೆ" ಎಂದರು. ಆ ಮನುಷ್ಯ ಈಗ ನನ್ನನ್ನು ಮೇಸ್ತ್ರಿಯಮ್ಮ ಎನ್ನುತ್ತಾನೆ.

ಹೊತ್ತು ಹೊತ್ತಿಗೆ ಊಟ ಮಾಡು. ಕಲಿಯಲು ಬರುವವರ ಮೇಲೆ ಕೂಗಾಡಬೇಡ, ಅದು ನನ್ನಿಂದ ಬಂದ ಗುಣ. ನಿನ್ನ ಟೈರು ನೆಲ ಬಿಡದಿರಲಿ, ಬ್ರೇಕು ಕೈಕೊಡದಿರಲಿ, ಹೋದ ದಾರಿಯೆಲ್ಲ ನಿನಗೆ ತೆರೆದುಕೊಳ್ಳಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ.

ನಿನ್ನ,
ಅಮ್ಮ

ತಾ.ಕ.: ಇನ್ನು ನಿನ್ನ ಎರಡನೇ ಪ್ರಶ್ನೆ. ಇದರ ಜೊತೆ ಬರುವ ಪಾರ್ಸೆಲ್ಲಿನಲ್ಲಿ, ಆವತ್ತು ನೀನು ಓಡಿಸಿದ ನಮ್ಮ ಹಳೆಯ ಗಾಡಿಯ ಕಂಪ್ಯೂಟರ್ ಇದೆ. ಬೀಗ ತೆಗೆದಿದ್ದೇನೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಿಡಿಯ ಕೋಷ್ಟಕ ತೆರೆದು, ಐದು ಸಾವಿರ ಸುತ್ತಿನ ಮೇಲಿನ ಸಾಲುಗಳನ್ನು ನೋಡು. ಅಲ್ಲಿಂದ ಮುಂದೆ ಕಿಡಿ ಏಳು ಡಿಗ್ರಿ ತಡವಾಗಿ ಹಾರುವಂತೆ ಬರೆದಿದೆ. ಕಿಡಿ ತಡವಾದರೆ ಎಂಜಿನ್ ಸೊರಗುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಓಟದ ಹಿಂದಿನ ದಿನ ಸಂಜೆ ನಾನೇ ಹಾಗೆ ಮಾಡಿದೆ. ಹಿಂದಿನ ವರ್ಷ ಗಾಡಿ ಉರುಳಿದ ಮೇಲೆ ನೀನು ಹೆಗಲಿಗೆ ಪಟ್ಟಿ ಬಿಗಿದುಕೊಂಡು ಮಲಗಿದ್ದ ಆರು ವಾರ ನನ್ನ ಕಣ್ಣಿಂದ ಹೋಗಿರಲಿಲ್ಲ. ಸ್ವಲ್ಪ ನಿಧಾನವಾದರೆ ಗಂಟೇನೂ ಹೋಗುವುದಿಲ್ಲ, ಜೀವ ಉಳಿಸಿಕೊಂಡು ಬರಲಿ ಎಂದುಕೊಂಡೆ.

ಓಟದ ದಿನ ಬೆಳಿಗ್ಗೆ ಒಂದು ಸಲ ಓಡಿಸಿ ನೋಡಿ ಬಂದು ನೀನು, "ಅಮ್ಮಾ, ಮೇಲೆ ಹೋಗ್ತಾ ಹೋಗ್ತಾ ಗಾಡಿ ಸುಸ್ತಾಗುತ್ತೆ, ಏನೋ ಸರಿಯಿಲ್ಲ" ಎಂದೆ. ಗಾಡಿ ಸರಿಯಾಗೇ ಇದೆ ಎಂದೆ ನಾನು. ಆ ಗಾದೆಯನ್ನು ಹೇಳಿದ್ದು ಆಗಲೇ. ನಿನ್ನ ಮೈಗೆ ಗೊತ್ತಾಗಿತ್ತು. ನೀನು ಅದನ್ನು ಬಿಟ್ಟು ನನ್ನ ಮಾತನ್ನು ನಂಬಿದೆ.

ಆ ಕಂಪ್ಯೂಟರ್ ನಿನ್ನ ಕಾಲು ಪೆಡಲನ್ನು ಎಷ್ಟು ಒತ್ತಿತ್ತು ಎಂಬುದನ್ನೂ ಬರೆದಿಟ್ಟಿದೆ. ನೇರ ದಾರಿ ಶುರುವಾದಲ್ಲಿಂದ ಮುಗಿಯುವವರೆಗೆ ಪೂರ್ತಿ ನೂರು. ನೀನು ಕಾಲು ತೆಗೆಯಲೇ ಇಲ್ಲ. ಆರು ವರ್ಷದಿಂದ ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ನಿಮ್ಮಪ್ಪನಿಗೆ ಹೇಳಿದ್ದು ನಿನ್ನೆ. ಸೂಜಿ ಕೆಳಗಿಟ್ಟರು. ಆಮೇಲೆ, "ಫೋನಲ್ಲಿ ಹೇಳ್ಬೇಡ. ಬರೆದು ಕಳಿಸು. ಅವಳಿಗೆ ಎರಡು ಸಲ ಓದ್ಬೇಕಾಗುತ್ತೆ" ಎಂದು ಎದ್ದುಹೋಗಿ, ಗೂಟದಿಂದ ನಿನ್ನ ಹೆಲ್ಮೆಟ್ ತೆಗೆದು ಅವರೇ ಪಾರ್ಸೆಲ್ಲಿಗೆ ಹಾಕಿದರು.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಗಾಡಿ ಮಾರಬೇಡ. ಆವತ್ತು ನೆಲ ಡೊಂಕಾಗಿಯೇ ಇತ್ತು ಮಗಳೇ. ಡೊಂಕು ಮಾಡಿದವಳು ನಾನು.