ಹರಿಗೋಲಿಗೆ ಕಟ್ಟಿದ ಎಂಜಿನ್

ಕೊಳವಳ್ಳಿ ಕಡವು, ವಯನಾಡು
11-5-2009, ಸೋಮವಾರ

ಪ್ರೀತಿಯ ಕೂಸು ಮಾದೇವಿಗೆ,

ನಿನ್ನ ಸೋದರಮಾವನ ಆಶೀರ್ವಾದ. ಹೇಗಿದ್ದೀಯ? ಬೇಪೂರಿನ ಕಡಲಗಾಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಗ್ರೀಸು ತಿಕ್ಕಿ ತಿಕ್ಕಿ ಅಂಗೈ ಸುಲಿದಿದೆ ಎಂದು ಬರೆದಿದ್ದೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ, ಸೀಮೆಎಣ್ಣೆಯಲ್ಲಿ ಕೈ ತೊಳೆಯುವುದನ್ನು ನಿಲ್ಲಿಸು. ನಿನ್ನ ಅಮ್ಮ, ಅಂದರೆ ನಮ್ಮ ನಿಂಗಕ್ಕ, ಚೆನ್ನಾಗಿದ್ದಾಳೆ. ಬೆಳಗಿನಿಂದ ಎರಡು ಸಲ ನನ್ನನ್ನು ಬೈದಳು, ದನಿಯಲ್ಲಿ ಒಂದಿಷ್ಟೂ ಸೋಲಿಲ್ಲ. ಫೋನು ಇರುವಾಗ ಮಾವ ಕಾಗದ ಯಾಕೆ ಬರೆದ ಅನ್ನುತ್ತೀಯ. ನಾನು ಫೋನು ಹಿಡಿದರೆ ಅವಳು ಒಲೆ ಬಿಟ್ಟು ಬಂದು ಪಕ್ಕದಲ್ಲೇ ನಿಲ್ಲುತ್ತಾಳೆ. ಕಾಗದಕ್ಕೆ ಕಿವಿ ಕೊಡಲು ಅವಳಿಗೆ ಬರುವುದಿಲ್ಲ.

ವಿಷಯ ಎಂಜಿನ್ನಿನದು. ಅದೂ ನಿನ್ನ ಶೆಡ್ಡಿನಲ್ಲಿ ದಿನವೂ ಬಿಚ್ಚಿ ಕಟ್ಟುವಂಥ, ದೋಣಿಯ ಬೆನ್ನಿಗೆ ಕಚ್ಚಿಸುವ ಎಂಜಿನ್. ಕೇಣಿಚಿರದಲ್ಲಿ ಹಳೇ ಸಾಮಾನು ಮಾರುವ ಶ್ರೀಧರನ್ ಒಂದನ್ನು ತಂದಿದ್ದಾನೆ. ಫೋರ್ ಸ್ಟ್ರೋಕ್, ಐದು ಕುದುರೆಯದು, ಹನ್ನೆರಡು ವರ್ಷದ್ದಂತೆ. ಕೊಳ್ಳಲೋ ಬೇಡವೋ ಎಂದು ಎಂಟು ದಿನದಿಂದ ಅದರ ಸುತ್ತ ಸುತ್ತುತ್ತಿದ್ದೇನೆ. ಹೋದ ಮಳೆಗಾಲ ನಮ್ಮ ದೋಣಿ ಇಪ್ಪತ್ತಾರು ದಿನ ದಡದಲ್ಲೇ ಕಟ್ಟಿಬಿದ್ದಿತ್ತು, ನಿನಗೆ ಗೊತ್ತು. ಹೊಳೆ ಹುಚ್ಚೆದ್ದಿತ್ತು, ಏನು ಮಾಡಲಿ. ಆಚೆ ಕರ್ನಾಟಕದ ದಡದ ಹಾಲು ಕ್ಯಾನಿನಲ್ಲೇ ಒಡೆಯಿತು, ಈಚೆಗೆ ಶಾಲೆಗೆ ಬರುವ ಮಕ್ಕಳು ಕಾಡಿನ ದಾರಿ ಸುತ್ತಿ ಬಂದು ತಲುಪುವಾಗ ಮಧ್ಯಾಹ್ನದ ಗಂಟೆ ಹೊಡೆದಿರುತ್ತಿತ್ತು. ಈಗ ಎರಡೂ ದಡದವರು ಸೇರಿ ನನ್ನೆದುರೇ ಹೇಳಿದ್ದಾರೆ, ಈ ಸಲವೂ ದೋಣಿ ನಿಂತರೆ ಜನ ದಾಟಿಸುವ ಈ ಕಡವು ವಿಜಯನ್‌ಗೆ ಅಂತ. ಆ ಮೀಸೆ ಚಿಗುರದ ವಿಜಯನ್‌ಗೆ! ಅವನ ಫೈಬರ್ ದೋಣಿಯನ್ನು ನೋಡಬೇಕು ನೀನು, ಸೋಪಿನ ಡಬ್ಬಿ. ನಿನ್ನ ತಾತನ ಕಾಲದಿಂದ ಈ ಕಡವಿನಲ್ಲಿ ದೋಣಿ ನೂಕಲು ನಮ್ಮದೇ ಗಳ ಊರಿದೆ. ನಾನಂತೂ ನಲವತ್ತು ವರ್ಷದಲ್ಲಿ ಒಬ್ಬರನ್ನೂ ನೀರಿಗೆ ಬೀಳಿಸಿಲ್ಲ, ಬಿದ್ದವರೆಲ್ಲ ತಾವಾಗಿ ಬಿದ್ದವರು.

ಪರೀಕ್ಷೆ ಮಾಡದೆ ಕೊಳ್ಳುವವನಲ್ಲ ನಾನು. ಏಳನೇ ಕ್ಲಾಸು ಮುಗಿಸಿದ್ದೇನೆ, ಕಣ್ಣು ನೆಟ್ಟಗಿದೆ. ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ ಎಂದು ನೀನೇ ಹೇಳಿದ್ದೆಯಲ್ಲ, ಇದು ಹಾಲು ಹಾಕದ ಒಳ್ಳೇ ಕಟ್ಟನ್ ಚಾಯದ ಬಣ್ಣ. ಆಮೇಲೆ, ಇದು ಸಮುದ್ರ ಕಂಡ ಎಂಜಿನ್ನೋ ಸಿಹಿನೀರಿನದೋ ಎಂಬ ಪ್ರಶ್ನೆ. ಶ್ರೀಧರನ್ ಎದೆ ಮುಟ್ಟಿ ಆಣೆ ಮಾಡಿದ, ಎಲ್ಲೋ ಒಂದು ಕೆರೆಯಲ್ಲಿ ಟೂರಿಸ್ಟರನ್ನು ಸುತ್ತಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಅಂತ. ಆಣೆಗಿಂತ ನಾಲಿಗೆ ಮೇಲು ಎಂದು ನಾನು ಕೆಳಗಿನ ಬೋಲ್ಟನ್ನು ನೆಕ್ಕಿಯೇ ನೋಡಿದೆ. ಉಪ್ಪುಪ್ಪಾಗಿತ್ತು! ಆದರೆ ಅದು ಕಡಲಿನ ಉಪ್ಪೋ ನನ್ನ ಬೆವರೋ ತಿಳಿಯಲಿಲ್ಲ. ಇನ್ನೊಂದು ಸಾಕ್ಷಿ ಇರಲೆಂದು ದೋಣಿಗೆ ಕಾಯುತ್ತಿದ್ದ ಅಮ್ಮಾಳುವನ್ನು ಕರೆದೆ. ಕಾಡಂಚಿನ ಹಾಡಿಯ ಮುದುಕಿ, ಜೇನು ಮಾರಲು ಹೊರಟಿದ್ದಳು. “ನಾ ಎಂತಕ್ಕೆ ನೆಕ್ಕಲಿ? ನಿನ್ನ ಮೂಗಿನ ತುದಿ ನೆಕ್ಕಿ ನೋಡು ನಂಜಪ್ಪಾ, ಅದೂ ಉಪ್ಪೇ” ಅಂದಳು. ಹಾಗಾಗಿ ಆ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಉಪ್ಪು ತಿಂದ ಎಂಜಿನ್ ಹೊಳೆನೀರಿನಲ್ಲಿ ಇನ್ನೆಷ್ಟು ವರ್ಷ ಬಾಳುತ್ತದೆ, ಬರೆ.

ನೀರಿಗಿಳಿಸಿ ನೋಡೋಣವೆಂದರೆ ನಮ್ಮ ದೋಣಿಗೆ ಎರಡು ಕಡೆಯೂ ಚೂಪು ಮೂತಿ. ಎಂಜಿನ್ ಕಚ್ಚಿಸಲು ಚಪ್ಪಟೆ ಹಲಗೆಯೇ ಇಲ್ಲ. ಆಗ ನನಗೊಂದು ಉಪಾಯ ಹೊಳೆಯಿತು, ನಗಬೇಡ. ಮೀನಿನವರ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. ಅದರ ಅಂಚಿಗೆ ಹಲಸಿನ ಹಲಗೆ ಬಿಗಿದು, ಹಲಗೆಗೆ ಎಂಜಿನ್ ಕಚ್ಚಿಸಿ, ಭಾರ ಸರಿದೂಗಲೆಂದು ಶ್ರೀಧರನ್‌ನನ್ನು ಎದುರಿಗೆ ಕೂರಿಸಿದೆ. ಎಂಜಿನ್ ಹೊತ್ತಿಕೊಂಡಿತು. ಸದ್ದು ಎಷ್ಟು ಸಣ್ಣ ಗೊತ್ತಾ, ಬೆಕ್ಕು ಗುರುಗುಟ್ಟಿದ ಹಾಗೆ. ತಂಪಾಗಿಸುವ ನೀರು ಹಿಂದಿನ ತೂತಿನಿಂದ ಬರಲಿಲ್ಲ, ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ತೆಂಗಿನ ಕಡ್ಡಿ ಹಾಕಿ ತಿವಿದೆ, ಚಿರ್ ಎಂದು ಚಿಮ್ಮಿತು. ಗೇರು ಹಾಕಿದೆ. ಮಾದೇವಿ, ತಳ ಗುಂಡಗಿರುವ ಹರಿಗೋಲಿಗೆ ಮುಂದು ಯಾವುದು ಹಿಂದು ಯಾವುದು ಹೇಳು? ಅದು ಆಚೆ ದಡಕ್ಕೆ ಹೋಗುವ ಬದಲು ನಿಂತಲ್ಲೇ ಗಿರಗಿರ ತಿರುಗತೊಡಗಿತು. ಕರ್ನಾಟಕ ಬಂತು, ಕೇರಳ ಬಂತು, ಮತ್ತೆ ಕರ್ನಾಟಕ ಬಂತು. ಶ್ರೀಧರನ್ ಅಂಚು ತಬ್ಬಿಕೊಂಡು “ಎಂಟೆ ಗುರುವಾಯೂರಪ್ಪಾ, ನಿರ್ತ್, ನಿಲ್ಸೋ ಮಾರಾಯಾ!” ಎಂದು ಎರಡು ಭಾಷೆಯಲ್ಲೂ ಅತ್ತ. ದಡದಿಂದ ಅಮ್ಮಾಳು, “ಗಾಣ ಕಟ್ಟಿದಿಯಾ ನಂಜಪ್ಪೋ, ಎಣ್ಣೆ ಎಷ್ಟು ಬಂತು?” ಅಂತ ಕೂಗಿದಳು. ಎಂಜಿನ್ ತಿರುವು ತೆಗೆದುಕೊಳ್ಳುವ ಬಗೆಯನ್ನು ನೋಡುತ್ತಿದ್ದೇನೆ ಎಂದು ನಾನು ತಿರುಗುತ್ತಲೇ ಉತ್ತರ ಕೊಟ್ಟೆ. ಹನ್ನೊಂದನೇ ಸುತ್ತಿಗೆ ಪೆಟ್ರೋಲಿನ ಪೈಪು ಕಿತ್ತು ಬಂದು ತಾನಾಗಿ ನಿಂತಿತು. ವಾಪಸು ಬರುವಾಗ ಅತಿಥಿಗೆ ಮರ್ಯಾದೆಯೆಂದು ಹುಟ್ಟನ್ನು ಶ್ರೀಧರನ್ ಕೈಗೇ ಕೊಟ್ಟೆ.

ಆದರೆ ತಮಾಷೆ ಅಲ್ಲಿಗೆ ಮುಗಿಯಿತು. ದಡದಲ್ಲಿ ಕೂತು ಯೋಚಿಸಿದೆ. ಎಂಜಿನ್ನಿನ ತಪ್ಪೇನೂ ಇರಲಿಲ್ಲ, ತಪ್ಪು ಹರಿಗೋಲಿನದು. ನಮ್ಮ ದೋಣಿಗೆ ಹಾಕಬೇಕಾದರೆ ಅದರ ಒಂದು ಮೂತಿಯನ್ನು ಕೊಯ್ದು, ಚಪ್ಪಟೆ ಮಾಡಿ, ಹಲಗೆ ಹೊಡೆಯಬೇಕು. ಅರ್ಧ ದಿನದ ಕೆಲಸ ಎಂದು ಬಡಗಿ ಸೋಮನ್ ನೆಲಕ್ಕೆ ಉಗುಳಿದಷ್ಟು ಸುಲಭವಾಗಿ ಹೇಳಿದ. ನಿನ್ನ ತಾತ ಎರಡು ಬೇಸಿಗೆ ಕೆತ್ತಿದ ಮೂತಿ ಅದು. ದಡ ಮುಟ್ಟಿದ ಮೇಲೆ ದೋಣಿ ತಿರುಗಿಸುವ ಕೆಲಸವಿಲ್ಲ, ನಾವು ತಿರುಗಿ ನಿಂತರೆ ಸಾಕು, ಹಿಂದಿದ್ದದ್ದೇ ಮುಂದಾಗುತ್ತದೆ. ಒಮ್ಮೆ ಕೊಯ್ದರೆ ಮತ್ತೆ ಗಳದ ದೋಣಿಯಾಗುವುದಿಲ್ಲ. ಎಂಜಿನ್ ಕೆಟ್ಟರೆ ಎರಡೂ ಇಲ್ಲ. ಭಾನುವಾರದವರೆಗೆ ಸಾಮಾನು ನನ್ನ ಹತ್ತಿರ ಇರಲಿ, ಆಮೇಲೆ ಬೇರೆಯವರಿಗೆ ಎಂದು ಶ್ರೀಧರನ್ ಬಿಟ್ಟುಹೋಗಿದ್ದಾನೆ. ಅದು ಈಗ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದೆ. ದನಕ್ಕೆ ಯಂತ್ರದ ವಾಸನೆ ಹಿಡಿಸಿಲ್ಲ, ನಿನ್ನಮ್ಮನಿಗೂ ಹಿಡಿಸಿಲ್ಲ. ನನಗೆ ಮಾತ್ರ ಅದರ ಮುಚ್ಚಳ ತೆಗೆದು ಒಳಗೆ ಇಣುಕದೆ ಊಟ ಸೇರುವುದಿಲ್ಲ. ಅಷ್ಟು ಸಣ್ಣ ಹೊಟ್ಟೆಯಲ್ಲಿ ಎಷ್ಟು ಕೆಲಸ! ನೀರು ತಳ್ಳುವ ರೆಕ್ಕೆಯ ಒಂದು ಎಲೆ ಉಗುರಿನಷ್ಟು ಮುರಿದಿದೆ, ಅದರಿಂದ ತೊಂದರೆಯೇ? ಮಳೆನೀರಿನ ಕೆಸರು ಒಳಗಿನ ಪಂಪಿಗೆ ಹೋದರೆ ತಿನ್ನುತ್ತದೆಯೇ? ಎಣ್ಣೆ ಬೇರೆ ಪೆಟ್ರೋಲು ಬೇರೆ ಹಾಕಬೇಕು ಎನ್ನುವುದು ನನಗೆ ಗೊತ್ತು, ಅದನ್ನು ಬರೆದು ಜಾಗ ಹಾಳು ಮಾಡಬೇಡ.

ಶೆಡ್ಡಿನಲ್ಲಿ ಜೊತೆಗಿರುವ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ನಿನ್ನ ಸ್ಪ್ಯಾನರು ಎಂದೂ ಜಾರದಿರಲಿ, ನೀನು ಮುಟ್ಟಿದ ಎಂಜಿನ್ ನಡುಕಡಲಲ್ಲಿ ಯಾರ ಕೈಯನ್ನೂ ಬಿಡದಿರಲಿ.

ಇತಿ ನಿನ್ನ ಮಾವ,
ಶಿವನಂಜಪ್ಪ

ಕಾಗದ ಮುಚ್ಚುವ ಮುಂಚೆ: ಅಂಚೆಯವನು ಸೈಕಲ್ಲಿನ ಮೇಲೆ ಒಂದು ಕಾಲು ಊರಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಆ ಎಂಜಿನ್ ಹೊತ್ತಿಸಲು ಒಂದು ಹಗ್ಗ ಜಗ್ಗಬೇಕು. ಮೂರು ಸಲ ಜಗ್ಗಿದೆ, ಆಗಲಿಲ್ಲ. ಶ್ರೀಧರನ್ ಜಗ್ಗಿದ. ಹೋದ ಮಳೆಗಾಲದ ಕರ್ಕಾಟಕ ತಿಂಗಳಿನಿಂದ ನನ್ನ ಬಲತೋಳು ಹೆಗಲ ಮೇಲೆ ಏಳುತ್ತಿಲ್ಲ. ಇಪ್ಪತ್ತಾರು ದಿನ ದೋಣಿ ನಿಂತದ್ದು ಹೊಳೆಗೆ ಹೆದರಿ ಅಲ್ಲ. ಇಳಿದ ನೀರಿನಲ್ಲಿ ಎಡಗೈಯಲ್ಲೇ ಹೇಗೋ ನೂಕಿದೆ, ಮಳೆಗಾಲಕ್ಕೆ ಅದು ಸಾಲದು. ನಿನ್ನಮ್ಮನಿಗೆ ಗೊತ್ತಿಲ್ಲ. ಮಳೆಗಾಲದ ಈ ಮೂರು ತಿಂಗಳು ನೀನು ಬಂದು ಕಡವಿನಲ್ಲಿ ನಿಲ್ಲುತ್ತೀಯಾ? ಬರುವುದಾದರೆ ಮಾತ್ರ ಸೋಮನ್‌ಗೆ ಗರಗಸ ತರಲು ಹೇಳುತ್ತೇನೆ. ಬರಲಾಗದಿದ್ದರೆ ಬೇಜಾರಿಲ್ಲ, ವಿಜಯನ್‌ನನ್ನು ನಾನೇ ಕರೆದು ಗಳ ಕೊಡುತ್ತೇನೆ. ಬಂದರೆ, ಯಾರಾದರೂ ಕೇಳಿದರೆ, ಮಾವ ಕರೆಯಲಿಲ್ಲ, ನಾನೇ ಹಟ ಹಿಡಿದು ಬಂದೆ ಅನ್ನು.